ಕುಡಿಯದವರ ಮನೆಯ ವೈನ್ ಬಾಟಲಿ

ನಮ್ಮ ಕಡೆ ಅರಿಶಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸನ್ನು ಯಾರೂ ಹೊಲಿಸುವುದಿಲ್ಲ. ಗೌರಿ ಹಬ್ಬಕ್ಕೆ ಒಬ್ಬರು ಕೊಟ್ಟದ್ದು ಬೀರು ಸೇರುತ್ತದೆ, ಇನ್ನೊಬ್ಬರ ಮನೆಯ ನಾಮಕರಣಕ್ಕೆ ಬೀರುವಿನಿಂದ ಹೊರಬರುತ್ತದೆ. ಹೀಗೆ ಬಳಗವನ್ನೆಲ್ಲ ಸುತ್ತಿ ಒಂದು ದಿನ ಮೊದಲು ಕೊಟ್ಟವರ ಮಡಿಲಿಗೇ ಬಂದು ಬಿದ್ದರೂ ಅವರು, 'ಬಣ್ಣ ಎಷ್ಟು ಚೆನ್ನಾಗಿದೆ' ಎಂದು ಮುಗುಳ್ನಕ್ಕು ಮತ್ತೆ ಒಳಗಿಡುತ್ತಾರೆ. ಐರ್ಲೆಂಡಿಗೆ ಬಂದ ಮೇಲೆ ನಮ್ಮಂಥವರ ಮನೆಗಳಲ್ಲಿ ಈ ಕೆಲಸವನ್ನು ವೈನ್ ಬಾಟಲಿಗಳು ವಹಿಸಿಕೊಂಡವು.

ನನ್ನ ಹೆಂಡತಿ ಡಬ್ಲಿನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಮೇಲೆ ದುಡಿಯುವವನು, ಉಳಿದ ಹೊತ್ತು ಮನೆಯ ಅಡುಗೆಯವನು. ಇಬ್ಬರೂ ಕುಡಿಯುವವರಲ್ಲ. ವ್ರತವೇನೂ ಅಲ್ಲ, ಹುಟ್ಟಿದ ಮನೆಯ ರೂಢಿ. ಇದನ್ನು ಇಲ್ಲಿಯವರಿಗೆ ಅರ್ಥಮಾಡಿಸುವಷ್ಟರಲ್ಲಿ ಕ್ರಿಸ್‌ಮಸ್ ಬಂದುಬಿಡುತ್ತದೆ. ಗುಣವಾಗಿ ಮನೆಗೆ ಹೋದವರು ಅವಳಿಗೆ ಒಂದು ಬಾಟಲಿ ಕೊಡುತ್ತಾರೆ. ಗುಣವಾಗದೆ ಹೋದವರ ಮಕ್ಕಳೂ ಕೊಡುತ್ತಾರೆ. ಅವೆಲ್ಲ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಧೂಳು ತಿನ್ನುತ್ತ ಕೂತಿದ್ದು, ಮಗಳ ಟೀಚರಿಗೋ, ಮನೆ ಮಾಲೀಕರಿಗೋ, ನಮ್ಮ ಕನ್ನಡದವರದೇ ಗೃಹಪ್ರವೇಶಕ್ಕೋ ಸಾಗಿಹೋಗುತ್ತವೆ. ಕನ್ನಡದವರಿಗೆ ಯಾಕೆ ಅಂದರೆ, ಅವರಿಗೂ ಯಾರಿಗಾದರೂ ಕೊಡಲು ಬೇಕಲ್ಲ.

ಹೀಗೆ ಬಂದವುಗಳಲ್ಲಿ ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳಿದ್ದವು. ಉದ್ದ ಕತ್ತು, ಕರಿ ಚೀಟಿ, ಚೀಟಿಯ ಮೇಲೆ ಸುರುಳಿ ಸುತ್ತಿದ ಏನೋ ಒಂದು ಚಿತ್ರ. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯ ಹಾಗಿತ್ತು. ಒಂದನ್ನು ಸ್ವೋರ್ಡ್ಸ್‌ನಲ್ಲಿರುವ ನನ್ನ ಸ್ನೇಹಿತನ ಮಗುವಿನ ನಾಮಕರಣಕ್ಕೆ ಕೊಟ್ಟೆವು. ಇನ್ನೊಂದು ಗೂಡಿನಲ್ಲೇ ಉಳಿಯಿತು. ಅದರ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

ಆಮೇಲೆ ನನ್ನ ಹೆಂಡತಿಗೆ ಜ್ವರ ಬಂತು. ಆಸ್ಪತ್ರೆಯಿಂದಲೇ ಅಂಟಿಸಿಕೊಂಡು ಬಂದ ಜ್ವರ, ವಾರದಲ್ಲಿ ಇಳಿಯಿತು. ಹೋಗುವಾಗ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಮಲ್ಲಿಗೆ ಊದುಬತ್ತಿಯೂ ಇಲ್ಲ, ಸೀದ ಹಾಲೂ ಇಲ್ಲ. ನಾವು ನಕ್ಕೆವು. 'ಇನ್ನು ನಿನ್ನ ಅಡುಗೆನ ಧೈರ್ಯವಾಗಿ ತಿನ್ನಬಹುದು' ಎಂದು ಅವಳೇ ಚುಡಾಯಿಸಿದಳು. ಹೋದ ವಾಸನೆ ವಾಪಸ್ ಬರುತ್ತದೆ ಎಂದು ಎಲ್ಲರೂ ಹೇಳಿದರು. ಬಂತು. ಬಾರದೆ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ಭಾನುವಾರ ನಾನು ತಿಳಿಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಇಂಗು ಬಿದ್ದದ್ದೇ ತಡ, ಮಹಡಿಯ ಮೇಲಿದ್ದವಳು ಬಾಯಿಗೆ ಕೈ ಒತ್ತಿಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ಮೋರಿ ಕಟ್ಟಿಕೊಂಡಿದೆಯಾ ಎಂದು ಕೇಳಿದಳು. ಟೈರ್ ಸುಡುತ್ತಿದ್ದಾರಾ ಎಂದಳು. ನಾನು ಮೂರ್ಖನ ಹಾಗೆ ಬಾಗಿಲು ತೆರೆದು ಬೀದಿ ನೋಡಿ ಬಂದೆ. ಮಾರನೆಯ ದಿನ ಕಾಫಿ ಮೋರಿಯಾಯಿತು. ಅದರ ಮಾರನೆಯ ದಿನ ಈರುಳ್ಳಿ, ಟೂತ್‌ಪೇಸ್ಟ್, ಒಗೆದ ಬಟ್ಟೆ. ಅವಳ ಆಸ್ಪತ್ರೆಯ ಮೂಗಿನ ತಜ್ಞರು ಪರೀಕ್ಷೆ ಮಾಡಿ, ವಾಸನೆಯ ನರಗಳು ಮತ್ತೆ ಬೆಳೆಯುವಾಗ ತಪ್ಪು ತಪ್ಪಾಗಿ ಕೂಡಿಕೊಂಡಿವೆ, ಸರಿಹೋಗಬಹುದು, ತಿಂಗಳೂ ಆಗಬಹುದು, ವರ್ಷಗಳೂ ಆಗಬಹುದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ನನ್ನ ಹೆಂಡತಿಯೂ ತನ್ನ ರೋಗಿಗಳ ಮುಂದೆ ಮಾಡಿದವಳೇ. ಮನೆಗೆ ಬಂದು, "ಅಂದ್ರೆ ಅವರಿಗೂ ಗೊತ್ತಿಲ್ಲ" ಎಂದಳು.

ಒಗ್ಗರಣೆ ಬಿಟ್ಟೆ. ಬೇಯಿಸಿದ ಅನ್ನ, ತಣ್ಣನೆಯ ಮೊಸರು, ಸಪ್ಪೆ ಗಂಜಿ. ಕರಿಬೇವು ಕಾಣದ ಅಡುಗೆಮನೆಯಲ್ಲಿ ನಿಂತು ನಾನು ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಆದರೆ ಅಡುಗೆಯನ್ನು ಬಿಡಬಹುದು, ಮನುಷ್ಯರನ್ನು ಬಿಡಲಾಗದು. ನನ್ನ ಮೈಯ ವಾಸನೆ ಅವಳಿಗೆ ಕೊಳೆತ ಮಾಂಸದ ಹಾಗೆ ಬರುತ್ತಿತ್ತು. ಅವಳು ಹೇಳಲಿಲ್ಲ. ಚಿಕ್ಕ ಕೋಣೆಗೆ ಹಾಸಿಗೆ ಸಾಗಿಸಿಕೊಂಡು, ಡಿಸೆಂಬರಿನ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಮಲಗತೊಡಗಿದಾಗ ನಾನೇ ಕೂಗಾಡಿ ಹೇಳಿಸಿದೆ. ಹೇಳಿದ ಮೇಲೆ ಇಬ್ಬರೂ ಅತ್ತೆವು, ಅವಳು ಕಿಟಕಿಯ ಹತ್ತಿರ, ನಾನು ಬಾಗಿಲ ಹತ್ತಿರ.

ನನ್ನದು ಹೋಗಲಿ. ಏಳು ವರ್ಷದ ಮಗಳ ವಾಸನೆಯೂ ಹಾಗೇ ಆಗಿತ್ತು.

ಮೊದಲೆಲ್ಲ ಆಸ್ಪತ್ರೆಯಿಂದ ಬಂದ ಕೂಡಲೇ ಚಪ್ಪಲಿಯನ್ನೂ ಬಿಚ್ಚದೆ ಮಗಳ ನೆತ್ತಿಗೆ ಮೂಗಿಟ್ಟು ಒಮ್ಮೆ ದೀರ್ಘವಾಗಿ ಎಳೆದುಕೊಳ್ಳುತ್ತಿದ್ದಳು. ಆಮೇಲೆಯೇ ನೀರು, ಆಮೇಲೆಯೇ ಕಾಫಿ. ಈಗಲೂ ಅಪ್ಪಿಕೊಳ್ಳುತ್ತಿದ್ದಳು, ತಪ್ಪಿಸುತ್ತಿರಲಿಲ್ಲ. ಆದರೆ ಬಾವಿಗೆ ಧುಮುಕುವವರು ಕಟ್ಟೆಯ ಮೇಲೆ ನಿಂತು ಮಾಡುವಂತೆ, ಮೊದಲು ಬಾಗಿಲಲ್ಲೇ ಎದೆ ತುಂಬ ಉಸಿರು ತುಂಬಿಕೊಂಡು ಬರುತ್ತಿದ್ದಳು. ಅಪ್ಪಿಕೊಂಡಷ್ಟು ಹೊತ್ತೂ ಅವಳ ಬೆನ್ನು ಹಲಗೆಯ ಹಾಗೆ ಅಲುಗದೆ ನಿಲ್ಲುತ್ತಿತ್ತು. ಹಿಂದೆ ನಿಂತ ನನಗೆ ಕಾಣುವುದು ಎದೆಗೆ ಒರಗಿದ ಮಗುವಿಗೆ ಗೊತ್ತಾಗದೆ ಇರುತ್ತದೆಯೇ?

"ಅಮ್ಮಾ, ಯು ಕ್ಯಾನ್ ಬ್ರೀದ್, ಲೈಕ್," ಎಂದಳು ಒಂದು ಸಂಜೆ. ನಮ್ಮ ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಇಲ್ಲಿಯ ಇಂಗ್ಲಿಷು, 'ಸರಿಯಾಗಿದೆ' ಅನ್ನುವುದಕ್ಕೂ 'ಗ್ರ್ಯಾಂಡ್'.

"ಉಸಿರಾಡ್ತಾನೇ ಇದೀನಲ್ಲ ಚಿನ್ನಾ," ಎಂದು ಅವಳ ಅಮ್ಮ ಹೇಳಿದಳು, ಹಿಡಿದಿದ್ದ ಉಸಿರನ್ನು ಅದಕ್ಕೇ ಖರ್ಚುಮಾಡಿ. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ಮಗಳು ಆ ದಿನದಿಂದ ಎರಡು ಹೊತ್ತು ಸ್ನಾನಮಾಡತೊಡಗಿದಳು. ಸೋಪು ಉಜ್ಜಿ ಉಜ್ಜಿ ಕೈ ಬಿರಿದವು. ಸೋಪಿನ ವಾಸನೆ ಅವಳ ಅಮ್ಮನಿಗೆ ಇನ್ನೂ ಅಸಹನೀಯ ಎಂದು ಆ ಮಗುವಿಗೆ ಹೇಳುವವರು ಯಾರು? ನಾನು ಹೇಳಲಿಲ್ಲ.

ಆ ವರ್ಷ ಕ್ರಿಸ್‌ಮಸ್ ಊಟಕ್ಕೆ ಪಕ್ಕದ ಮನೆಯ ಅಜ್ಜಿ ಕರೆದರು. ಒಂಟಿ ಐರಿಶ್ ಹೆಂಗಸು, ನನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಮಗಳನ್ನು ಶಾಲೆಯಿಂದ ಕರೆತಂದು ನೋಡಿಕೊಂಡವರು. ಒಲ್ಲೆ ಎನ್ನುವಂತಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ನಾನು ಮೆಟ್ಟಿಲ ಕೆಳಗೆ ಕೈಹಾಕಿ, ಸಿಕ್ಕ ಕರಿ ಚೀಟಿಯ ಬಾಟಲಿಯನ್ನು ಒರೆಸಿ ಒಯ್ದೆ.

ಆ ಮನೆಯ ತುಂಬ ಬೇಯುತ್ತಿದ್ದ ಮಾಂಸದ ಹಬೆ. ಸಸ್ಯಾಹಾರಿಗಳಾದ ನಮಗೆಂದು ಆಕೆ ಬೇರೆ ಆಲೂಗಡ್ಡೆ ಬೇಯಿಸಿದ್ದರು ಪಾಪ. ನನ್ನ ಹೆಂಡತಿಯ ಮುಖ ಬಿಳುಪೇರುವುದನ್ನು ನೋಡಿದೆ. ಅಜ್ಜಿ ನಮ್ಮ ಬಾಟಲಿಯನ್ನೇ ತೆರೆದು ಎಲ್ಲರ ಗ್ಲಾಸಿಗೂ ಸುರಿದರು. ಇವಳು ಏನಾದರೊಂದು ಮೂಗಿನ ಮುಂದೆ ಅಡ್ಡ ಇರಲಿ ಎಂದು ಗ್ಲಾಸನ್ನು ಮುಖಕ್ಕೆ ಹಿಡಿದಳು.

ಹಿಡಿದವಳು ಇಳಿಸಲಿಲ್ಲ. ನನ್ನ ಕಡೆ ತಿರುಗಿದಳು. ಕಣ್ಣು ಅಗಲವಾಗಿತ್ತು.

"ರೀ, ಇದು ಸರಿಯಾಗಿದೆ," ಎಂದಳು. ಅವಳು ನನ್ನನ್ನು 'ರೀ' ಅನ್ನುವುದು ತೀರ ಖುಷಿಯಾದಾಗ ಅಥವಾ ತೀರ ಹೆದರಿದಾಗ ಮಾತ್ರ. "ಇದರ ವಾಸ್ನೆ ಸರಿಯಾಗಿದೆ. ನಿಂಬೆಹಣ್ಣು ಬರ್ತಿದೆ. ಉಪ್ಪು. ಆಮೇಲೆ ಹೊಗೆ... ಇದು ನಮ್ಮಜ್ಜಿ ಜಾಡಿ ಕಣೋ!"

ಚಿತ್ರದುರ್ಗದ ಅವಳ ಅಜ್ಜಿಯ ಮನೆಯಲ್ಲಿ ಉಪ್ಪುನಿಂಬೆಯ ಜಾಡಿಯೊಂದಿತ್ತಂತೆ. ಖಾರವಿಲ್ಲ, ಇಂಗಿಲ್ಲ, ಬರಿ ಉಪ್ಪು ಮತ್ತು ನಿಂಬೆಕಾಯಿ. ವರ್ಷಗಟ್ಟಲೆ ಕೂತು ಕರ್ರಗಾದದ್ದು. ಜ್ವರ ಬಂದು ಬಾಯಿ ಕೆಟ್ಟವರಿಗೆ ಗಂಜಿಯ ಜೊತೆ ಅದರ ಒಂದು ಚೂರು ನಾಲಗೆಗೆ ಹಚ್ಚುತ್ತಿದ್ದರು. ಸೌದೆ ಒಲೆಯ ಪಕ್ಕ ಇರುತ್ತಿದ್ದುದರಿಂದ ಜಾಡಿಗೂ ಹೊಗೆ ಹಿಡಿದಿತ್ತು. ಆ ಜಾಡಿ ಐರಿಶ್ ಅಜ್ಜಿಯ ಊಟದ ಮೇಜಿನ ಮೇಲೆ ಗಾಜಿನ ಗ್ಲಾಸಿನಲ್ಲಿ ಬಂದು ಕೂತಿತ್ತು. ಅವಳು ಒಂದು ಹನಿಯನ್ನೂ ಕುಡಿಯದೆ, ಊಟ ಮುಗಿಯುವವರೆಗೆ ಗ್ಲಾಸಿನೊಳಗೆ ಮೂಗಿಟ್ಟುಕೊಂಡೇ ಕೂತಿದ್ದಳು. ಮಧ್ಯೆ ಮಧ್ಯೆ ಮೂಗು ತೆಗೆದು ಒಂದು ತುತ್ತು ಆಲೂಗಡ್ಡೆ ತಿಂದಳು. ತಟ್ಟೆ ಖಾಲಿಯಾಯಿತು. ಅಜ್ಜಿ ಮಾತ್ರ, ಡಾಕ್ಟರು ಒಂದೇ ಗ್ಲಾಸನ್ನು ಇಷ್ಟು ಹೊತ್ತು ಕುಡಿಯುತ್ತಿದ್ದಾಳಲ್ಲ, ಇವಳನ್ನು ಯಾವ ಪಬ್ಬಿನವನೂ ಒಳಗೆ ಬಿಡುವುದಿಲ್ಲ ಎಂದು ನಗುತ್ತ, ಉಳಿದದ್ದನ್ನೆಲ್ಲ ತಾವೇ ಖುಷಿಯಾಗಿ ಮುಗಿಸಿದರು.

ಮಾರನೆಯ ಬೆಳಿಗ್ಗೆ ಹೋಗಿ ಖಾಲಿ ಬಾಟಲಿಯನ್ನಾದರೂ ಕೊಡಿ ಎಂದು ಕೇಳಿದೆ. ಕೊಟ್ಟರು. ಒಳ್ಳೆಯ ಹೆಂಗಸು, ಹಳೆ ಗಾಜು ಹಾಕುವ ಕಸದ ಡಬ್ಬಿಗೆ ಎಸೆಯುವ ಮೊದಲು ಸೋಪು ಹಾಕಿ ತೊಳೆದಿದ್ದರು.

ಅಂಗಡಿಗಳು ತೆರೆದ ದಿನವೇ ಆ ಖಾಲಿ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ವೈನ್ ಅಂಗಡಿಗೆ ಹೋದೆ. ಜೀವನದಲ್ಲಿ ಒಂದು ಹನಿ ಮುಟ್ಟದವನು ಬೆಳಿಗ್ಗೆ ಬೆಳಿಗ್ಗೆ ವೈನ್ ಅಂಗಡಿಯ ಬಾಗಿಲು ಕಾಯುವುದನ್ನು ನಮ್ಮಪ್ಪ ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಅಂಗಡಿಯವನು ಚೀಟಿ ನೋಡಿ ಹುಬ್ಬೇರಿಸಿ, ಪಾಠಕ್ಕೆ ನಿಂತ. ಇದು ಗ್ರೀಸ್ ದೇಶದ ಒಂದು ಜ್ವಾಲಾಮುಖಿ ದ್ವೀಪದ್ದು. ಬೆಟ್ಟ ಸಿಡಿದು ಬಿದ್ದ ಬೂದಿಯಲ್ಲೇ ಬಳ್ಳಿ ಬೆಳೆಯುತ್ತದೆ. ಮಳೆಯಿಲ್ಲ, ಸಮುದ್ರದ ಮಂಜೇ ನೀರು. ಗಾಳಿಗೆ ಹಾರಿಹೋಗದಂತೆ ಬಳ್ಳಿಯನ್ನು ನೆಲದ ಮೇಲೇ ಬುಟ್ಟಿಯಂತೆ ಸುತ್ತುತ್ತಾರೆ, ಹಣ್ಣು ಬುಟ್ಟಿಯೊಳಗೆ ಕಟ್ಟುತ್ತದೆ. ಚೀಟಿಯ ಮೇಲಿನ ಸಿಂಬಿ ಅದೇ. ಬಹಳಷ್ಟು ಜನ ಇದನ್ನು ಉಕ್ಕಿನ ತೊಟ್ಟಿಯಲ್ಲಿಡುತ್ತಾರೆ, ಈ ಬಾಟಲಿಯದನ್ನು ಮಾಡುವವನೊಬ್ಬ ಮಾತ್ರ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಾನೆ, ಹೊಗೆಯ ಗುಣ ಅಲ್ಲಿಂದ. ಎಲ್ಲ ಕೇಳಿಸಿಕೊಂಡೆ. ಕೊನೆಗೆ ಹೇಳಿದ, ಇದು ನಮ್ಮಲ್ಲಿಲ್ಲ, ತರಿಸುತ್ತಿದ್ದವರು ನಿಲ್ಲಿಸಿದ್ದಾರೆ, ಬೇಸಿಗೆಯ ಹೊತ್ತಿಗೆ ವಿಚಾರಿಸಿ ಎಂದು. ಇಲ್ಲ ಅನ್ನುವುದನ್ನು ಮೊದಲೇ ಹೇಳಬಾರದೇ ಎಂದು ನನಗೆ ರೇಗಿತು.

ಫೋನಿನಲ್ಲಿ ಹುಡುಕಿದೆ. ಊರೂರಿನ ಅಂಗಡಿಗಳಿಗೆ ಕೇಳಿದೆ. ಅದೇ ದ್ವೀಪದ, ಉಕ್ಕಿನ ತೊಟ್ಟಿಯ ವೈನ್ ತಂದೆ. "ಬರೀ ನೀರು," ಎಂದಳು. ಬೇರೆ ದೇಶದ, ಓಕ್ ಪೀಪಾಯಿಯ ವೈನ್ ತಂದೆ. ಟೈರ್ ಸುಟ್ಟಿತು. ಇಂಡಿಯನ್ ಅಂಗಡಿಯ ನಿಂಬೆ ಉಪ್ಪಿನಕಾಯಿಯ ಮುಚ್ಚಳ ತೆಗೆದದ್ದಕ್ಕೆ ಆ ದಿನವೆಲ್ಲ ಅವಳು ಮನೆಯೊಳಗೆ ಬರಲಿಲ್ಲ. ನಾನೇ ನಿಂಬೆಹಣ್ಣು ಹೆಚ್ಚಿ ಉಪ್ಪು ತುಂಬಿ ಗಾಜಿನ ಜಾಡಿಯನ್ನು ಕಿಟಕಿಯಲ್ಲಿಟ್ಟೆ. ಐರ್ಲೆಂಡಿನ ಜನವರಿಯ ಬಿಸಿಲಿಗೆ ಅದು ಕಪ್ಪಾಗುವ ಹೊತ್ತಿಗೆ ಮಗಳ ಮದುವೆಯಾಗಿರುತ್ತದೆ.

ಅಷ್ಟರಲ್ಲಿ ನನ್ನ ಹೆಂಡತಿ ಇನ್ನೊಂದು ಮಾತು ಹೇಳಿದಳು. ದೂರದ ಪಶ್ಚಿಮ ಕರಾವಳಿಯ ಊರೊಂದರ ಆಸ್ಪತ್ರೆಯಲ್ಲಿ ಕೆಲಸ ಒಪ್ಪಿಕೊಂಡಿದ್ದಾಳೆ. ತಿಂಗಳ ಕೊನೆಗೆ ಹೊರಡುತ್ತಾಳೆ. ಒಬ್ಬಳೇ. ಸಮುದ್ರದ ಕಡೆ ಕಿಟಕಿ ಇರುವ ಕೋಣೆ ಸಿಕ್ಕಿದೆ.

"ನಾವು ಏನು ಮಾಡಿದ್ವಿ ಅಂತ?" ಎಂದು ಕಿರುಚಿದೆ.

"ನೀವೇನೂ ಮಾಡಿಲ್ಲ. ಆ ಮಗು ದಿನಾ ಕೈ ಉಜ್ಕೊಂಡು ಉಜ್ಕೊಂಡು ನನ್ನ ಹತ್ರ ಬರುತ್ತೆ. ನನಗೆ ಹೊಟ್ಟೆ ತೊಳೆಸುತ್ತೆ. ನನ್ನ ಮಗೂನ ಕಂಡ್ರೆ ನನಗೆ ಹೊಟ್ಟೆ ತೊಳೆಸುತ್ತೆ ಕಣೋ! ಅದು ಅವಳಿಗೆ ಗೊತ್ತಾಗ್ತಿದೆ. ದೂರ ಇದ್ರೆ ಫೋನಲ್ಲಾದ್ರೂ ನೆಟ್ಟಗೆ ಉಸಿರಾಡ್ಕೊಂಡು ಮಾತಾಡ್ತೀನಿ."

ಆಗ ನನಗೆ ಹೊಳೆದದ್ದು ಸ್ವೋರ್ಡ್ಸ್. ನಾಮಕರಣಕ್ಕೆ ಕೊಟ್ಟ ಎರಡನೆಯ ಬಾಟಲಿ! ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ, ನನಗೆ ಬಾಟಲಿಯೇ ಸಿಕ್ಕಿತ್ತು. ಒಂದು ಬಾಟಲಿಯಿಂದ ಏನಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಆಗ ಉಳಿದಿರಲಿಲ್ಲ. ಅದನ್ನು ತಂದುಕೊಟ್ಟರೆ ಅವಳು ಹೋಗುವುದಿಲ್ಲ ಎಂದು ನಂಬಿದ್ದೆ, ಅಷ್ಟೇ.

ಕೊಟ್ಟ ಉಡುಗೊರೆಯನ್ನು ವಾಪಸ್ ಕೇಳುವುದಕ್ಕಿಂತ ಭಿಕ್ಷೆ ಬೇಡುವುದು ಮರ್ಯಾದೆ. ಸ್ನೇಹಿತ ನನ್ನ ಜೊತೆ ಕೆಲಸ ಮಾಡುವವನೇ, ಆದರೂ ಅವನ ಸೋಫಾದ ಮೇಲೆ ಕೂತು ಹವಾಮಾನ, ಪಾಳಿ, ಮಗುವಿನ ಹಲ್ಲು ಎಲ್ಲ ಮುಗಿಸಿ ಕೊನೆಗೆ ಉಗುಳು ನುಂಗಿ ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಅದು ಇಲ್ಲ ಗುರು," ಎಂದ ಅವನು. "ದಸರಾ ಟೈಮಲ್ಲಿ ಕಾರ್ಕ್ ಸಿಟಿ ಕಡೆ ಹೋಗಿದ್ವಲ್ಲ, ಅಲ್ಲಿ ಬ್ಯಾಲಿನ್‌ಕೊಲಿಗ್‌ನಲ್ಲಿರೋ ನಮ್ಮ ಕನ್ನಡದ ಡಾಕ್ಟ್ರ ಮನೇಲಿ ಊಟಕ್ಕೆ ಕರೆದಿದ್ರು. ಬರಿಗೈಲಿ ಹೆಂಗೆ ಹೋಗೋದು ಅಂತ..."

"ನೀವು ಕೊಟ್ಟಿದ್ದನ್ನ ಹಿಂಗೆ ಕೊಟ್ವಿ ಅಂತ ಬೇಜಾರ್ ಮಾಡ್ಕೋಬೇಡಿ ಅಣ್ಣಾ," ಎಂದಳು ಅವನ ಹೆಂಡತಿ, ಮುಖ ಕೆಂಪಾಗಿಸಿಕೊಂಡು.

"ಅಯ್ಯೋ ನಮಗೂ ಯಾರೋ ಕೊಟ್ಟಿದ್ದೇ ಬಿಡಮ್ಮಾ," ಎಂದೆ. ಎಲ್ಲರೂ ನಕ್ಕೆವು. ನಗು ಮುಗಿದಾಗ ನನ್ನ ಕಣ್ಣಲ್ಲಿ ನೀರಿತ್ತು, ಅವರು ನೋಡದ ಹಾಗೆ ನಟಿಸಿದರು.

ಬ್ಯಾಲಿನ್‌ಕೊಲಿಗ್ ಡಾಕ್ಟರ ಹೆಂಡತಿಗೆ ಫೋನ್ ಮಾಡಿದೆ. ನಮಗಿಂತ ಹಿರಿಯರು, ಎಲ್ಲರೂ ಅಕ್ಕ ಎನ್ನುತ್ತಾರೆ. ಬಾಟಲಿಯ ಗುರುತು ಹೇಳಿದೆ. "ಹಾ, ಇದೆ ಕಣಪ್ಪಾ, ಪ್ಯಾಕ್ ಮಾಡಿ ಇಟ್ಟಿದೀನಿ. ನಾಳೆ ಮಗನ ಸ್ಕೂಲ್ ಪ್ರಿನ್ಸಿಪಾಲ್ ರಿಟೈರ್ ಆಗ್ತಿದಾರೆ, ಅವರಿಗೆ ಅಂತ," ಎಂದರು. ಅದು ನನಗೇ ಬೇಕು ಎಂದು ಹೇಳಿ, ಪಾಳಿಗೆ ರಜೆ ಹಾಕಿ ಆಗಲೇ ಕಾರು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಅಕ್ಕ ಬಣ್ಣದ ಕಾಗದ ಬಿಚ್ಚಿ, ಪ್ರಿನ್ಸಿಪಾಲರಿಗೆ ಬೇರೆಯದನ್ನು ಸುತ್ತಿಟ್ಟಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಸೆರಗಲ್ಲಿ ಕಣ್ಣೊರೆಸಿಕೊಂಡು, ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಕುಂಕುಮದ ಪೊಟ್ಟಣ, ಒಂದು ಬ್ಲೌಸ್ ಪೀಸು, ಅದರ ಮೇಲೆ ಆ ಬಾಟಲಿ ಇಟ್ಟು ತಂದರು. ಮುತ್ತೈದೆಗೆ ಹಾಗೇ ಕಳಿಸಬಾರದಂತೆ. ವೈನ್ ಬಾಟಲಿಗೆ ಕುಂಕುಮ ತಗುಲಿತ್ತು.

"ಚೆನ್ನಾಗಿ ನೋಡ್ಕೊಂಡಿದೀನಪ್ಪಾ, ಏನೂ ಆಗಿಲ್ಲ," ಎಂದರು. "ತಣ್ಣಗಾಗಿ ಕೆಟ್ಟೋಗ್ಬಾರ್ದು ಅಂತ ಇಷ್ಟು ದಿನ ಹಾಟ್ ಪ್ರೆಸ್ಸಲ್ಲೇ ಇಟ್ಟಿದ್ದೆ."

ಹಾಟ್ ಪ್ರೆಸ್ ಅಂದರೆ ಇಲ್ಲಿಯ ಮನೆಗಳಲ್ಲಿ ಬಿಸಿನೀರಿನ ಹಂಡೆ ಇರುವ ಬೀರು. ಐರಿಶ್ ಜನ ಅಲ್ಲಿ ಟವೆಲ್ ಒಣಗಿಸುತ್ತಾರೆ, ನಾವು ದೋಸೆಹಿಟ್ಟು ಹುದುಗಲು ಇಡುತ್ತೇವೆ. ದಸರಾದಿಂದ ಜನವರಿಯವರೆಗೆ ಆ ಬಾಟಲಿ ದೋಸೆಹಿಟ್ಟಿನ ಪಾತ್ರೆಯ ಪಕ್ಕ ಬೆಚ್ಚಗೆ ಕೂತಿತ್ತು. ವೈನಿಗೆ ಸೆಕೆಯೇ ಶತ್ರು, ಸೆಕೆಯಲ್ಲಿಟ್ಟರೆ ಬೆಂದುಹೋಗುತ್ತದೆ ಎಂದು ಅಂಗಡಿಯವನು ಪಾಠದ ನಡುವೆ ಹೇಳಿದ್ದ. ಅಕ್ಕನ ಕಾಲಿಗೆ ನಮಸ್ಕಾರ ಮಾಡಿ ಹೊರಗೆ ಬಂದು, ಕಾರಿನೊಳಗೆ ಕೂತು ಸ್ಟಿಯರಿಂಗಿಗೆ ತಲೆ ಚಚ್ಚಿಕೊಂಡೆ.

ಬಾಟಲಿಯನ್ನು ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದೆ. ಬೆಂದದ್ದು ಇನ್ನಷ್ಟು ಬೇಯದಿರಲಿ ಎಂದು ಹೀಟರ್ ಆರಿಸಿದೆ. ಕಾರ್ಕಿನಿಂದ ಡಬ್ಲಿನ್ನಿನವರೆಗೆ, ಹೊರಗೆ ಆಲಿಕಲ್ಲು ಬೀಳುತ್ತಿರುವಾಗ, ಹಲ್ಲು ಕಟಕಟ ಎನ್ನಿಸುತ್ತ ಕಾರು ಓಡಿಸಿದೆ. ದಾರಿಯುದ್ದಕ್ಕೂ ದೇವರಿಗೆ ಬೈದೆ, ಅಕ್ಕನಿಗೆ ಬೈದೆ, ದೋಸೆಹಿಟ್ಟಿಗೆ ಬೈದೆ.

ಮನೆಗೆ ಬಂದು ಬಿರಡೆ ತೆಗೆದೆ. ಹಳದಿಗಿದ್ದ ವೈನು ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಸ್ಟೀಲಿನ ಪುಟ್ಟ ಲೋಟಕ್ಕೆ ಒಂದಿಷ್ಟು ಬಗ್ಗಿಸಿ ಮೇಜಿನ ಮೇಲಿಟ್ಟು ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಅವಳು ಬಗ್ಗಿದಳು.

"ಕೆಟ್ಟಿದೆ ಅಲ್ವಾ?" ಎಂದೆ.

"ಇದು ಇನ್ನೂ ಹಳೇದು," ಎಂದಳು ಮೆಲ್ಲಗೆ. "ಆವತ್ತಿಂದು ಜಾಡಿ ಮೇಲ್ಗಡೆದು. ಇದು ತಳದಲ್ಲಿರೋದು. ಅಜ್ಜಿ ಅದನ್ನ ಯಾರಿಗೂ ಕೊಡ್ತಿರ್ಲಿಲ್ಲ, ನನಗೆ ಮಾತ್ರ." ಅಂಗಡಿಯವನು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅವತ್ತಿನಿಂದ ಊಟಕ್ಕೆ ಮುಂಚೆ ಲೋಟಕ್ಕೆ ಒಂದು ಚಮಚ. ಅವಳು ಮೂಗಿಟ್ಟು ಕಣ್ಣು ಮುಚ್ಚಿಕೊಂಡು, ಇದು ನಿಂಬೆ, ಇದು ಉಪ್ಪು, ಇದು ಹೊಗೆ ಎಂದು ಮೂಗಿಗೆ ಪಾಠ ಹೇಳಿಕೊಡುವಳು. ಆಮೇಲೆ ಗಂಜಿ ಇಳಿಯುತ್ತಿತ್ತು. ಮಗಳು ಎದುರಿಗೆ ಕೂತು ಗಲ್ಲಕ್ಕೆ ಕೈಕೊಟ್ಟು ಅಮ್ಮನನ್ನೇ ನೋಡುತ್ತಿದ್ದಳು. ಲೋಟದೊಳಗೆ ಮೂಗಿಟ್ಟಾಗ ಅಮ್ಮನ ಮುಖ ಹೇಗೆ ಸಡಿಲವಾಗುತ್ತದೆ ಎಂಬುದನ್ನು. ಒಂದು ಕಾಲದಲ್ಲಿ ಆ ಮುಖ ತನ್ನ ನೆತ್ತಿಯ ಮೇಲೆ ಹಾಗೆ ಸಡಿಲವಾಗುತ್ತಿತ್ತು ಎಂಬುದು ಅವಳಿಗೆ ನೆನಪಿತ್ತೋ ಏನೋ.

ಆದರೆ ತೆರೆದ ಬಾಟಲಿ ನಿಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೂ ದಿನದಿಂದ ದಿನಕ್ಕೆ ಮಂಕಾಯಿತು. "ಹೊಗೆ ಹೋಯ್ತು," ಎಂದಳು ಒಂದು ದಿನ. ಇನ್ನೊಂದು ದಿನ, "ನಿಂಬೆ ಸ್ವಲ್ಪ ಇದೆ." ಗಂಜಿ ಮತ್ತೆ ತಟ್ಟೆಯಲ್ಲಿ ಉಳಿಯತೊಡಗಿತು. ನಾನು ಹೋಗಬೇಡ ಎಂದು ಕೇಳಿಕೊಂಡೆ, ಜಗಳವಾಡಿದೆ, ಮಾತು ಬಿಟ್ಟೆ. ಅವಳು ಬಟ್ಟೆಗಳನ್ನು ವಾಸನೆಯಿಲ್ಲದ ಪುಡಿಯಲ್ಲಿ ಒಗೆದು ಸೂಟ್‌ಕೇಸಿಗೆ ತುಂಬುತ್ತಲೇ ಇದ್ದಳು. ಬಾಟಲಿಯ ತಳದಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು. ಅದನ್ನು ಚಿಕ್ಕ ಸೀಸೆಗೆ ಹಾಕಿಕೊಂಡು ಹೋಗುತ್ತೇನೆ ಎಂದಿದ್ದಳು.

ಹೊರಡುವ ಬೆಳಿಗ್ಗೆ ಸೂಟ್‌ಕೇಸನ್ನು ಕಾರಿನಲ್ಲಿಟ್ಟು ಬಂದೆ, ಬಸ್ಸಿಗೆ ಬಿಡಬೇಕಿತ್ತು. ಸೀಸೆಗೆ ತುಂಬಿಕೊಡೋಣವೆಂದು ಫ್ರಿಜ್ ತೆರೆದರೆ ಬಾಟಲಿ ಇಲ್ಲ. ಅಡುಗೆ ಕಟ್ಟೆಯ ಮೇಲೆ ಇಲ್ಲ. ಮೇಲಿನ ಬಚ್ಚಲಲ್ಲಿ ಏನೋ ಉರುಳಿದ ಸದ್ದಾಯಿತು. ಎರಡೆರಡು ಮೆಟ್ಟಿಲು ಹಾರಿ ಹೋದೆ. ಮಗಳು ಬಾತ್‌ಟಬ್ಬಿನ ಪಕ್ಕ ಬಗ್ಗಿ ನಿಂತಿದ್ದಳು. ದೀಪಾವಳಿಗೆ ಎಣ್ಣೆ ಹಚ್ಚುತ್ತೇವಲ್ಲ, ಹಾಗೆ ನೆತ್ತಿಯಿಂದ ಕಿವಿಯ ಹಿಂದಕ್ಕೆ, ಕತ್ತಿಗೆ, ತೋಳಿಗೆ ವೈನು ತಿಕ್ಕಿಕೊಂಡಿದ್ದಳು. ಕೂದಲು ತೊಟ್ಟಿಕ್ಕುತ್ತಿತ್ತು. ಶಾಲೆಯ ಸ್ವೆಟರ್ ಒದ್ದೆ. ಬಾಟಲಿ ಖಾಲಿ.

"ಏನೇ ಮಾಡ್ದೆ!" ಎಂದು ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯ ಅಜ್ಜಿಯೂ ಕಿಟಕಿ ತೆರೆದಿರಬೇಕು. "ಅಮ್ಮಂದು ಅದೊಂದೇ ಇದ್ದಿದ್ದು! ಇನ್ನೆಲ್ಲಿಂದ ತರ್ಲಿ ನಾನು? ಎಲ್ಲಿಂದ ತರ್ಲಿ?"

ಮಗಳು ಅಳಲಿಲ್ಲ. ಚಳಿಗೆ ನಡುಗುತ್ತ ನನ್ನ ಪಕ್ಕದಿಂದ ನುಸುಳಿ, ಮೆಟ್ಟಿಲಿಳಿದು, ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಂದೆ ಹೋಗಿ ನಿಂತಳು. ಒದ್ದೆ ತಲೆಯನ್ನು ಬಗ್ಗಿಸಿದಳು.

"ಐ ಆ್ಯಮ್ ಗ್ರ್ಯಾಂಡ್ ನೌ, ಅಮ್ಮಾ," ಎಂದಳು. "ಸ್ಮೆಲ್ ಮಿ."

ಅವಳ ಅಮ್ಮ ಬಾಗಿಲಲ್ಲೇ ಮಂಡಿಯೂರಿದಳು. ಉಸಿರು ತುಂಬಿಕೊಳ್ಳಲು ಸಮಯವೇ ಇರಲಿಲ್ಲ, ಮಗು ಆಗಲೇ ಎದೆಗೆ ಬಂದಾಗಿತ್ತು. ನಾನು ಮೆಟ್ಟಿಲ ಮೇಲೆ ಖಾಲಿ ಬಾಟಲಿ ಹಿಡಿದು ನಿಂತು ಆ ಬೆನ್ನನ್ನೇ ನೋಡಿದೆ. ಕರಿ ಕೋಟಿನೊಳಗೆ ಹಲಗೆಯ ಹಾಗೆ ಬಿಗಿದಿತ್ತು. ಇನ್ನೇನು ಎದ್ದು ಹಿತ್ತಲಿಗೆ ಓಡುತ್ತಾಳೆ ಎಂದುಕೊಂಡೆ. ಅವಳು ಮುಖವನ್ನು ಆ ಒದ್ದೆ ಕೂದಲೊಳಗೆ ಇನ್ನಷ್ಟು ಒತ್ತಿದಳು. ಕೋಟಿನ ಬೆನ್ನು ಒಮ್ಮೆ ಏರಿತು. ನಿಂತಿತು. ಇಳಿಯಿತು. ಮತ್ತೊಮ್ಮೆ, ಇನ್ನೂ ದೀರ್ಘವಾಗಿ ಏರಿತು.

"ಯು ಆರ್ ಬ್ರೀದಿಂಗ್," ಎಂದಳು ಮಗಳು, ಅಮ್ಮನ ಕೋಟಿನೊಳಗಿಂದ.

ಮಾತಿಗೆ ಉಸಿರನ್ನು ಖರ್ಚುಮಾಡಲು ಅವಳ ಅಮ್ಮನಿಗೆ ಮನಸ್ಸಿರಲಿಲ್ಲ. ತೆರೆದ ಬಾಗಿಲಿನಿಂದ ಚಳಿ ಒಳಗೆ ಬರುತ್ತಿತ್ತು, ನಾನು ಹೋಗಿ ಮುಚ್ಚಿದೆ. ಆ ಬಸ್ಸು ತಪ್ಪಿತು. ಮುಂದಿನ ಬಸ್ಸಿನ ಹೊತ್ತಾದಾಗಲೂ ಅವರಿಬ್ಬರೂ ಅಲ್ಲಿಂದ ಎದ್ದಿರಲಿಲ್ಲ.